ಅಮೀರಬಾಯಿ ಕರ್ನಾಟಕಿ: ಒಂದು ತಟ್ಟೆಯಿಂದ ತೆರೆದ ಬಾಳು

ನಾವು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ದಿನಗಳಲ್ಲಿ, ಮುಂಜಾನೆ ಇಡ್ಲಿಯ ಹಬೆ ಏಳುವ ಹೊತ್ತಿಗೆ ವಿವಿಧ ಭಾರತಿಯವರು ಹಳೆಯ ಚಿತ್ರಗೀತೆಗಳನ್ನು ಕೇಳಿಸುತ್ತಿದ್ದರು. ಅಮೀರಬಾಯಿಯವರ ಹಾಡು ಬಂದಾಗ ಗಿರಾಕಿಗಳು ಚಹದ ಲೋಟ ಹಿಡಿದಂತೆಯೇ ತಲೆದೂಗುವರು. ಹೆಸರಿನ ಕೊನೆಯಲ್ಲೇ ಕರ್ನಾಟಕಿ ಎಂದಿದ್ದರೂ ಆಕೆ ನಮ್ಮ ನುಡಿಯವರೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ! ವಾಚಕರಿಗಾದರೂ ತಿಳಿದಿರಲೆಂದು ಈ ನಾಲ್ಕು ಮಾತು.

ಆಕೆಯ ಹುಟ್ಟೂರು ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿ. ಆ ಸೀಮೆ ಆಗ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಅಲ್ಲಿಯವರಿಗೆ ಮುಂಬಯಿ ಪರದೇಶವಾಗಿರಲಿಲ್ಲ. ನಾಟಕ ಕಂಪೆನಿಗಳ ನಂಟಿದ್ದ ಮನೆತನ. ಅಕ್ಕ ಗೋಹರಬಾಯಿ ಮುಂದೆ ಬಾಲಗಂಧರ್ವರ ಮಂಡಳಿಯಲ್ಲಿ ಹೆಸರು ಪಡೆದರು. ಅಮೀರಬಾಯಿಯವರ ಕಂಠ ಪಳಗಿದ್ದೂ ರಂಗದ ಮೇಲೆಯೇ.

ಆದರೆ ಕಂಪೆನಿಯಲ್ಲಿ ಹಾಡುವುದಕ್ಕೂ ಗ್ರಾಮೋಫೋನ್ ತಟ್ಟೆಗೆ ಹಾಡುವುದಕ್ಕೂ ಅಜಗಜಾಂತರ. ರಂಗದ ಮೇಲೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದಷ್ಟೂ ಹಾಡು ಬೆಳೆಯುವುದು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ ಮಾತ್ರ. ಧ್ವನಿ ನೇರವಾಗಿ ಮೇಣದ ಮೇಲೆ ಕೊರೆಯಲ್ಪಡುತ್ತಿತ್ತು. ಒಂದು ಸ್ವರ ಜಾರಿದರೆ ತಿದ್ದುವಂತಿರಲಿಲ್ಲ, ಮೊದಲಿನಿಂದ ಹಾಡಬೇಕು. ಬಣ್ಣವಿಲ್ಲ, ಜೊತೆಯ ನಟರಿಲ್ಲ, ಎದುರಿಗೆ ಜನವಿಲ್ಲ. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯ ಪ್ರತಿನಿಧಿಯೊಬ್ಬರು ಆಕೆಯ ಕಂಠಕ್ಕೆ ಮಾರುಹೋಗಿ ಇಂಥ ತಟ್ಟೆಗೆ ಹಾಡಿಸಿಕೊಂಡದ್ದು ಒಂದು ಕವ್ವಾಲಿಯನ್ನು. ಗಂಡಸರು ಗುಂಪುಗೂಡಿ ಚಪ್ಪಾಳೆಯಿಕ್ಕಿ ಹಾಡುವ ಕವ್ವಾಲಿಯನ್ನು ಬೀಳಗಿಯ ಹೆಣ್ಣುಮಗಳೊಬ್ಬಳು ಹಾಡಿದಳು! ಜನ ಅದನ್ನು ಮೆಚ್ಚಿ ಕೊಂಡರು. ಚಿತ್ರರಂಗದವರ ಕಿವಿಯೂ ಇತ್ತ ತಿರುಗಿತು.

ಚಿತ್ರಗಳಲ್ಲಿ ಆಕೆಯ ಪ್ರವೇಶವಾದದ್ದು ಅಕ್ಕನ ನೆರವಿನಿಂದ, 1934ರ 'ವಿಷ್ಣು ಭಕ್ತಿ'ಯಲ್ಲಿ. ದೊಡ್ಡ ಕೀರ್ತಿಗೆ ಮತ್ತೆ ಒಂಬತ್ತು ವರ್ಷ ಬೇಕಾಯಿತು. ಟೇಬಲ್ ಒರೆಸುತ್ತ ಮೇಲೆ ಬಂದ ನಮ್ಮವರಿಗೆ ಈ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ. 1943ರಲ್ಲಿ ಮಾಲಾಡಿನ ಬಾಂಬೆ ಟಾಕೀಸಿನವರ 'ಕಿಸ್ಮತ್' ಹೊರಬಂದಿತು. ಸಂಗೀತ ಅನಿಲ್ ಬಿಸ್ವಾಸರದು. ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯದು, ಕಂಠ ಅಮೀರಬಾಯಿಯವರದು. ಕಲ್ಕತ್ತೆಯ ರಾಕ್ಸಿಯಲ್ಲಿ ಆ ಚಿತ್ರ 3 ವರ್ಷಕ್ಕೂ ಮೇಲೆ ನಡೆಯಿತು. ಅದೇ ವರ್ಷ ಕನ್ನಡದ 'ರಾಧಾ ರಮಣ'ದಲ್ಲಿ ಆಕೆ ಅಭಿನಯಿಸಿದುದನ್ನು ನಾವು ವಿಶೇಷವಾಗಿ ನೆನೆಯುತ್ತೇವೆ. ಮರುವರ್ಷ ನೌಷಾದರ 'ರತನ್'.

ಮನೆಯೊಳಗಿನ ಬಾಳು ಹಾಡಿನಷ್ಟು ಇಂಪಾಗಿರಲಿಲ್ಲ. ನಟ ಹಿಮಾಲಯವಾಲಾ ಅವರೊಡನೆ ನಡೆದ ಮದುವೆ ಮುರಿಯಿತು. ಬಳಿಕ ಪತ್ರಕರ್ತ ಬದರಿ ಕಾಂಚವಾಲಾ ಅವರನ್ನು ವರಿಸಿದರು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಆದರೆ ಆ ಹೊತ್ತಿಗೆ ಲತಾ ಮಂಗೇಶ್ಕರರ ಹೊಸ ದನಿ ಎದ್ದು ಬರುತ್ತಿತ್ತು. ಅಮೀರಬಾಯಿ ಮುನಿದು ಮೂಲೆ ಸೇರಲಿಲ್ಲ. ಮತ್ತೆ ಬಣ್ಣ ಹಚ್ಚಿ ಪೋಷಕ ಪಾತ್ರಗಳನ್ನು ಒಪ್ಪಿಕೊಂಡರು. ಇದು ಹಾಡಿನಷ್ಟೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಬಿಜಾಪುರದಲ್ಲಿ ಆಕೆಯ ಹೆಸರಿನದೇ ಅಮೀರ್ ಟಾಕೀಸು ಎದ್ದಿತು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡ ಅಮೀರಬಾಯಿಯವರನ್ನು ಮಣ್ಣು ಮಾಡಿದ್ದೂ ಅದೇ ಊರಿನಲ್ಲಿ.