ಆನ್ರಿ ಮಿನ್ಯೆ

ಆನ್ರಿ ಮಿನ್ಯೆ (೧೯ ಅಕ್ಟೋಬರ್ ೧೮೯೩ – ೩೧ ಆಗಸ್ಟ್ ೧೯೬೫) ಫ್ರಾನ್ಸ್ ದೇಶದ ವಿಮಾನ ವಿನ್ಯಾಸಕರು ಮತ್ತು ಲೇಖಕರು. ವೃತ್ತಿಯಿಂದ ರೇಡಿಯೋ ಎಂಜಿನಿಯರ್ ಆಗಿದ್ದ ಇವರು, ಸಾಮಾನ್ಯ ಜನರು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ‘ಪೂ ದು ಸಿಯೆಲ್’ ಎಂಬ ಪುಟ್ಟ ವಿಮಾನವನ್ನು ರೂಪಿಸಿ ಪ್ರಸಿದ್ಧರಾದರು. ಹವ್ಯಾಸಿ ವಿಮಾನ ನಿರ್ಮಾಣದ ಪ್ರವರ್ತಕರಲ್ಲಿ ಇವರು ಪ್ರಮುಖರು.

ಆರಂಭಿಕ ಪ್ರಯೋಗಗಳು

ಮಿನ್ಯೆಯವರು ಯಾವುದೇ ಕಾರ್ಖಾನೆಯ ಆಶ್ರಯವಿಲ್ಲದೆ, ಸ್ವಂತ ಖರ್ಚಿನಲ್ಲಿ ಒಂದರ ನಂತರ ಒಂದರಂತೆ ವಿಮಾನಗಳನ್ನು ನಿರ್ಮಿಸಿದರು. ೧೯೨೮ರ ಎಚ್.ಎಂ. ೮ ಎಂಬ ಒಂದು ಆಸನದ ವಿಮಾನವು ಯಶಸ್ವಿಯಾಯಿತು. ಅದರ ರಚನಾಕ್ರಮವನ್ನು ಅವರು ಪ್ರಕಟಿಸಿದಾಗ ಅನೇಕ ಹವ್ಯಾಸಿಗಳು ಅದನ್ನು ಅನುಸರಿಸಿದರು. ಆದರೆ ಹಾರಾಟದ ವೇಗ ಕುಂದಿದಾಗ ಅಂದಿನ ವಿಮಾನಗಳು ಹಠಾತ್ತನೆ ಸುತ್ತುತ್ತಾ ಕೆಳಗೆ ಬೀಳುತ್ತಿದ್ದವು. ಅನನುಭವಿಗಳ ಪ್ರಾಣಕ್ಕೆ ಎರವಾಗುತ್ತಿದ್ದ ಈ ದೋಷವನ್ನು ನಿವಾರಿಸುವುದೇ ಮಿನ್ಯೆಯವರ ಗುರಿಯಾಯಿತು.

ಪೂ ದು ಸಿಯೆಲ್

ಫ್ರೆಂಚ್ ಭಾಷೆಯಲ್ಲಿ ಈ ಹೆಸರಿಗೆ ಆಕಾಶದ ಹೇನು ಎಂದರ್ಥ. ಇಂಗ್ಲಿಷಿನಲ್ಲಿ ಇದು ‘ಫ್ಲೈಯಿಂಗ್ ಫ್ಲೀ’, ಅಂದರೆ ಹಾರುವ ಚಿಗಟ ಎಂದಾಯಿತು. ಎಚ್.ಎಂ. ೧೪ ಎಂಬ ಈ ವಿಮಾನವು ೧೯೩೩ರ ಸೆಪ್ಟೆಂಬರ್ ೧೦ರಂದು ಮೊದಲ ಬಾರಿಗೆ ಹಾರಿತು. ಮರದ ಚೌಕಟ್ಟು, ಪ್ಲೈವುಡ್, ಬಟ್ಟೆಯ ಹೊದಿಕೆ ಮತ್ತು ಒಂದು ಸಣ್ಣ ಎಂಜಿನ್ ಇದರ ಮುಖ್ಯ ಸಾಮಗ್ರಿಗಳು. ಒಂದರ ಹಿಂದೆ ಒಂದರಂತೆ ಎರಡು ರೆಕ್ಕೆಗಳಿದ್ದು, ಮುಂದಿನ ರೆಕ್ಕೆಯು ಕೀಲಿನ ಮೇಲೆ ವಾಲುತ್ತಿತ್ತು. ಚಾಲಕನು ಕೈಯಲ್ಲಿನ ಕೋಲನ್ನು ಹಿಂದಕ್ಕೆ ಎಳೆದರೆ ವಿಮಾನ ಮೇಲೇರುತ್ತಿತ್ತು. ಪಕ್ಕಕ್ಕೆ ಸರಿಸಿದರೆ ಚುಕ್ಕಾಣಿ ತಿರುಗುತ್ತಿತ್ತು. ಕಾಲುಗಳಿಂದ ನಡೆಸುವ ಚುಕ್ಕಾಣಿ ಇರಲಿಲ್ಲ.

೧೯೩೪ರಲ್ಲಿ ಪ್ರಕಟವಾದ ‘ಲ ಸ್ಪೋರ್ ದ ಲೇರ್’ ಎಂಬ ಪುಸ್ತಕದಲ್ಲಿ ಮಿನ್ಯೆಯವರು ನಿರ್ಮಾಣದ ವಿವರಗಳನ್ನು ಸಾಮಾನ್ಯ ಮರಗೆಲಸ ಬಲ್ಲವರಿಗೂ ತಿಳಿಯುವಂತೆ ನಿರೂಪಿಸಿದರು. ೧೯೩೫ರ ಆಗಸ್ಟ್‌ನಲ್ಲಿ ಅವರು ತಮ್ಮ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಬಳಿಕ ಬ್ರಿಟನ್ನಿನಲ್ಲಿಯೂ ಉತ್ಸಾಹ ಹೆಚ್ಚಿತು. ಮನೆಯ ಕೋಣೆಗಳಲ್ಲಿ, ಕೊಟ್ಟಿಗೆಗಳಲ್ಲಿ ವಿಮಾನಗಳು ರೂಪುಗೊಳ್ಳತೊಡಗಿದವು.

ಅಪಘಾತಗಳು ಮತ್ತು ನಿಷೇಧ

ಈ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಕೆಲವು ವಿಮಾನಗಳು ಮೂತಿ ಕೆಳಗಾಗಿ ಧುಮುಕಿ, ಮತ್ತೆ ಮೇಲೇಳದೆ ನೆಲಕ್ಕಪ್ಪಳಿಸಿದವು, ಚಾಲಕರು ಮೃತಪಟ್ಟರು. ಫ್ರಾನ್ಸ್ ಮತ್ತು ಬ್ರಿಟನ್ನಿನ ಬೃಹತ್ ಗಾಳಿಸುರಂಗಗಳಲ್ಲಿ ಪೂರ್ಣ ಗಾತ್ರದ ವಿಮಾನವನ್ನೇ ಇರಿಸಿ ಪರೀಕ್ಷಿಸಿದಾಗ ಕಾರಣ ತಿಳಿದುಬಂದಿತು. ಎರಡು ರೆಕ್ಕೆಗಳು ಪರಸ್ಪರ ತೀರಾ ಸಮೀಪದಲ್ಲಿದ್ದವು. ವಿಮಾನವು ಕಡಿದಾಗಿ ಇಳಿಯುತ್ತಿರುವಾಗ ಚಾಲಕನು ಮುಂದಿನ ರೆಕ್ಕೆಯನ್ನು ಎತ್ತಿದರೆ, ಎರಡರ ನಡುವಿನ ಕಿರಿದಾದ ಅಂತರದಲ್ಲಿ ಹರಿಯುವ ಗಾಳಿಯಿಂದ ಹಿಂದಿನ ರೆಕ್ಕೆಯ ಎತ್ತುಬಲವೂ ಹೆಚ್ಚುತ್ತಿತ್ತು. ಹೀಗಾಗಿ ಮೂತಿ ಮೇಲೇಳುತ್ತಿರಲಿಲ್ಲ. ಬೀಳದಂತೆ ಕಾಯಬೇಕೆಂದು ಮಾಡಿದ ಏರ್ಪಾಡೇ ಬೀಳುವುದಕ್ಕೆ ಕಾರಣವಾಗಿತ್ತು. ಬ್ರಿಟನ್ನಿನಲ್ಲಿ ಇದರ ಹಾರಾಟಕ್ಕೆ ನಿಷೇಧ ಬಂದಿತು. ಕಟ್ಟಿ ಮುಗಿಸಿದ್ದ ಎಷ್ಟೋ ವಿಮಾನಗಳು ಹಾರದೆಯೇ ಉಳಿದವು.

ನಂತರದ ಜೀವನ

ಮಿನ್ಯೆಯವರು ತಮ್ಮ ಮೂಲ ಕಲ್ಪನೆಯನ್ನು ಕೈಬಿಡಲಿಲ್ಲ. ವಿನ್ಯಾಸವನ್ನು ತಿದ್ದಿ ಎರಡನೆಯ ಮಹಾಯುದ್ಧದ ನಂತರವೂ ಎಚ್.ಎಂ. ೨೯೦, ಎಚ್.ಎಂ. ೨೯೩ ಮೊದಲಾದ ಮಾದರಿಗಳನ್ನು ರಚಿಸಿದರು. ಅವುಗಳನ್ನೂ ಹವ್ಯಾಸಿಗಳು ನಿರ್ಮಿಸಿ ಹಾರಿಸಿದರು. ೧೯೬೫ರಲ್ಲಿ ಅವರು ನಿಧನರಾದರು.

ಪ್ರಭಾವ

ಫ್ರಾನ್ಸಿನ ಹವ್ಯಾಸಿ ವಿಮಾನ ನಿರ್ಮಾಪಕರ ಸಂಸ್ಥೆಯಾದ ‘ರೆಸೋ ದು ಸ್ಪೋರ್ ದ ಲೇರ್’ ಅವರ ಪುಸ್ತಕದ ಹೆಸರನ್ನೇ ಹೊತ್ತಿದೆ. ಅವರ ಕಾಲದ ಹಲವು ವಿಮಾನಗಳು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ವಿಮಾನವನ್ನು ಮನೆಯಲ್ಲಿ ಕಟ್ಟಬಹುದೆಂಬ ಧೈರ್ಯ ಮತ್ತು ಕಟ್ಟಿದ್ದನ್ನು ಹಾರಿಸುವ ಮೊದಲು ಪರೀಕ್ಷೆಗೆ ಒಡ್ಡಲೇಬೇಕೆಂಬ ಎಚ್ಚರ, ಇವೆರಡನ್ನೂ ಮುಂದಿನ ಪೀಳಿಗೆಯು ಅವರ ವಿಮಾನದಿಂದಲೇ ಕಲಿಯಿತು.