ಮರುಭೂಮಿ ಗೆದ್ದವನು ಮನೆ ದಾರಿಯಲ್ಲಿ ಬಿದ್ದ

ಪದವಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇತ್ತು. ಹೆಲ್ಮೆಟ್, ಸೀಟ್ ಬೆಲ್ಟ್ ಕಡ್ಡಾಯ ಮಾಡುವುದು ವೈಯಕ್ತಿಕ ಸ್ವಾತಂತ್ರ್ಯದ ಹರಣವೇ ಎಂಬುದು ವಿಷಯ. ನಾನು ಹೌದು ಎನ್ನುವ ಪಕ್ಷ. ತಲೆ ನನ್ನದು, ಬೈಕ್ ನನ್ನದು, ಬಿದ್ದರೆ ನೋವೂ ನನ್ನದೇ, ನಡುವೆ ಸರ್ಕಾರಕ್ಕೇನು ಕೆಲಸ ಎಂದು ಐದು ನಿಮಿಷ ಗಟ್ಟಿಯಾಗಿ ಮಾತನಾಡಿ ಎರಡನೇ ಬಹುಮಾನ ಪಡೆದೆ. ಭಾಷಣಕ್ಕೆ ಒಬ್ಬ ನಾಯಕ ಬೇಕಿತ್ತು. ಯಾರ ಅಂಕೆಗೂ ಸಿಗದ, ಬೈಕಿನ ಹುಚ್ಚಿದ್ದ ಮನುಷ್ಯ. ಹುಡುಕಿದಾಗ ಸಿಕ್ಕವನು ಲಾರೆನ್ಸ್ ಆಫ್ ಅರೇಬಿಯಾ. ಅವನ ಬದುಕಿನ ಮುಕ್ಕಾಲು ಪಾಲನ್ನು ವೇದಿಕೆಯಲ್ಲಿ ಹೇಳಿದೆ. ಉಳಿದ ಕಾಲು ಪಾಲು ಓದಿದ್ದು ಬಹುಮಾನ ಬಂದ ಮೇಲೆ.

ಥಾಮಸ್ ಎಡ್ವರ್ಡ್ ಲಾರೆನ್ಸ್ ಹುಟ್ಟಿದ್ದು 1888ರ ಆಗಸ್ಟ್ 16ರಂದು, ವೇಲ್ಸ್‌ನ ಟ್ರೆಮಡಾಗ್ ಎಂಬ ಪುಟ್ಟ ಊರಿನಲ್ಲಿ. ಐವರು ಗಂಡುಮಕ್ಕಳಲ್ಲಿ ಎರಡನೆಯವನು. ತಂದೆ ಐರ್ಲೆಂಡಿನ ಜಮೀನ್ದಾರ ಮನೆತನದವನು. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು, ಅದೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಾರಾ ಎಂಬಾಕೆಯೊಂದಿಗೆ ಬೇರೆ ಸಂಸಾರ ಹೂಡಿದ್ದ. ಅವರಿಬ್ಬರಿಗೆ ಮದುವೆಯೇ ಆಗಿರಲಿಲ್ಲ. ಲಾರೆನ್ಸ್ ಎಂಬುದೂ ಅವರು ಆಮೇಲೆ ಇಟ್ಟುಕೊಂಡ ಹೆಸರು. ಸಮಾಜದ ಕಣ್ಣಿಗೆ ಬೀಳದಂತೆ ಊರಿಂದೂರಿಗೆ ತಿರುಗಿ, ಕೊನೆಗೆ 1896ರಲ್ಲಿ ಕುಟುಂಬ ಆಕ್ಸ್‌ಫರ್ಡ್‌ನಲ್ಲಿ ನೆಲೆ ನಿಂತಿತು. ಹುಟ್ಟಿನ ಗುಟ್ಟು ತಿಳಿದುಕೊಂಡೇ ಬೆಳೆದ ಹುಡುಗನಿಗೆ ಹೆಸರು, ಪದವಿ, ಅಂತಸ್ತುಗಳ ಮೇಲೆ ಕೊನೆಯವರೆಗೂ ಮೋಹ ಹುಟ್ಟಲಿಲ್ಲ.

ಆಕ್ಸ್‌ಫರ್ಡ್‌ನ ಜೀಸಸ್ ಕಾಲೇಜಿನಲ್ಲಿ ಇತಿಹಾಸ ಓದುವಾಗ, 1909ರ ಬೇಸಿಗೆ ರಜೆಯಲ್ಲಿ ಆತ ಒಬ್ಬನೇ ಸಿರಿಯಾಕ್ಕೆ ಹೋದ. ಹಳೆಯ ಧರ್ಮಯುದ್ಧಗಳ ಕಾಲದ ಕೋಟೆಗಳನ್ನು ನೋಡಲು ಸುಮಾರು ಸಾವಿರ ಮೈಲಿ ಕಾಲ್ನಡಿಗೆಯಲ್ಲೇ ಸುತ್ತಿದ. ಅದನ್ನೇ ಪ್ರಬಂಧವಾಗಿ ಬರೆದು ಪ್ರಥಮ ದರ್ಜೆಯಲ್ಲಿ ಪಾಸಾದ. ಆಮೇಲೆ ಕಾರ್ಕೆಮಿಶ್ ಎಂಬಲ್ಲಿ ಉತ್ಖನನದ ಕೆಲಸ ಸಿಕ್ಕಿತು. ಅಲ್ಲಿ ಕೂಲಿಗಳ ಜೊತೆ ಒಡನಾಡಿ ಅರಬ್ಬಿ ಭಾಷೆಯನ್ನೂ ಆ ಜನರ ರೀತಿನೀತಿಗಳನ್ನೂ ಕಲಿತ.

ಮೊದಲ ಮಹಾಯುದ್ಧ ಬಂದಾಗ ಈ ಕಲಿಕೆಯೇ ಅವನನ್ನು ಕೈರೋದ ಗುಪ್ತಚರ ಕಚೇರಿಗೆ ತಲುಪಿಸಿತು. 1916ರಲ್ಲಿ ಮೆಕ್ಕಾದ ಷರೀಫ್ ಹುಸೇನ್ ತುರ್ಕರ ವಿರುದ್ಧ ದಂಗೆ ಎದ್ದಾಗ, ಲಾರೆನ್ಸ್ ಆತನ ಮಗ ಫೈಸಲ್‌ನ ಜೊತೆ ಸೇರಿದ. ಅರಬರ ಉಡುಪು ತೊಟ್ಟು, ಒಂಟೆಯೇರಿ, ಹಿಜಾಜ್ ರೈಲು ಹಳಿಗಳಿಗೆ ಸಿಡಿಮದ್ದು ಇಡುತ್ತ ತಿರುಗಿದ. 1917ರ ಜುಲೈನಲ್ಲಿ ಅರಬ್ ಪಡೆಗಳು ಮರುಭೂಮಿಯ ಕಡೆಯಿಂದ ಬಂದು ಅಕಾಬಾ ಬಂದರನ್ನು ಹಿಡಿದಾಗ ಆತ ಅವರೊಂದಿಗಿದ್ದ. 1918ರ ಅಕ್ಟೋಬರ್‌ನಲ್ಲಿ ಡಮಾಸ್ಕಸ್ ಬಿತ್ತು. ಆದರೆ ಅರಬರಿಗೆ ಆಸೆ ಹುಟ್ಟಿಸಿದ್ದ ಸ್ವಾತಂತ್ರ್ಯವನ್ನು ಬ್ರಿಟನ್ ಮತ್ತು ಫ್ರಾನ್ಸ್ ಮೊದಲೇ ಒಳಗೊಳಗೆ ಹಂಚಿಕೊಂಡಿದ್ದವು. ಈ ಮೋಸದಲ್ಲಿ ತನ್ನ ಪಾಲೂ ಇದೆ ಎಂಬ ಕೊರಗು ಲಾರೆನ್ಸ್‌ನನ್ನು ಬಿಡಲಿಲ್ಲ. ರಾಜನೇ ಕೊಡಲು ಬಂದ ಬಿರುದನ್ನು ಬೇಡವೆಂದು ಬಂದುಬಿಟ್ಟ.

ನನ್ನ ಭಾಷಣ ಇಲ್ಲಿಗೇ ಮುಗಿದಿತ್ತು. ಸ್ವಾತಂತ್ರ್ಯಕ್ಕಾಗಿ ಬಾಳಿದ ವೀರ ಎಂದೆ, ಚಪ್ಪಾಳೆ ಬಿತ್ತು.

ಆಮೇಲಿನ ಕತೆ ವಿಚಿತ್ರ. ಕೀರ್ತಿಯ ತುತ್ತತುದಿಯಲ್ಲಿದ್ದ ಕರ್ನಲ್ 1922ರಲ್ಲಿ ಜಾನ್ ಹ್ಯೂಮ್ ರಾಸ್ ಎಂಬ ಸುಳ್ಳು ಹೆಸರಿನಲ್ಲಿ ವಾಯುಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಪತ್ರಿಕೆಗಳು ಪತ್ತೆಹಚ್ಚಿದವು, ಕೆಲಸ ಹೋಯಿತು. 1923ರಲ್ಲಿ ಶಾ ಎಂಬ ಇನ್ನೊಂದು ಹೆಸರಿನಲ್ಲಿ ಟ್ಯಾಂಕ್ ದಳ ಸೇರಿದ. 1925ರಲ್ಲಿ ಮತ್ತೆ ವಾಯುಪಡೆಗೆ ಮರಳಿದ. 1927ರಲ್ಲಿ ಅವನನ್ನು ಆಗಿನ ಅವಿಭಜಿತ ಭಾರತದ ಕರಾಚಿಗೆ, ಅಲ್ಲಿಂದ ವಾಯವ್ಯ ಗಡಿಯ ಮಿರಂಷಾಗೆ ಕಳಿಸಿದರು. ಅಫ್ಘಾನಿಸ್ತಾನದ ದಂಗೆಯ ಹಿಂದೆ ಇವನ ಕೈವಾಡ ಇದೆ ಎಂಬ ಗಾಳಿಸುದ್ದಿ ಎದ್ದದ್ದರಿಂದ 1929ರ ಆರಂಭದಲ್ಲಿ ವಾಪಸ್ ಕರೆಸಿಕೊಂಡರು. ಯಾರ ಅಂಕೆಗೂ ಸಿಗದವನು ಎಂದು ನಾನು ವೇದಿಕೆಯಲ್ಲಿ ಹೊಗಳಿದ್ದ ಮನುಷ್ಯ, ಬೆಳಗಿನ ಕವಾಯತು, ಬೂಟಿನ ಪಾಲಿಶ್, ಹಾಸಿಗೆ ತಪಾಸಣೆಗಳ ಬದುಕನ್ನು ತಾನಾಗಿಯೇ ಬೇಡಿ ಪಡೆದಿದ್ದ.

ಆ ಶಿಸ್ತಿನ ನಡುವೆ ಆತ ತನಗಾಗಿ ಉಳಿಸಿಕೊಂಡಿದ್ದ ಒಂದೇ ಸುಖ ಮೋಟಾರ್ ಬೈಕ್. ಬ್ರಫ್ ಸುಪೀರಿಯರ್ ಎಂಬುದು ಅಂದಿನ ಅತಿ ದುಬಾರಿ ಬೈಕ್‌ಗಳಲ್ಲಿ ಒಂದು. ಅದರ ಎಸ್‌ಎಸ್ 100 ಮಾದರಿ ಗಂಟೆಗೆ ನೂರು ಮೈಲಿ ಓಡುತ್ತದೆಂದು ತಯಾರಕರೇ ಖಾತರಿ ಕೊಡುತ್ತಿದ್ದರು. ಲಾರೆನ್ಸ್ ಒಂದಾದ ಮೇಲೊಂದರಂತೆ ಏಳು ಬ್ರಫ್ ಇಟ್ಟುಕೊಂಡಿದ್ದ, ಎಂಟನೆಯದಕ್ಕೆ ಆರ್ಡರ್ ಕೊಟ್ಟಿದ್ದ. ಸಂಬಳದ ಸಿಪಾಯಿ ಬದುಕಿನಲ್ಲಿ ಅವನು ನಿಜವಾಗಿ ಸ್ವತಂತ್ರನಾಗಿರುತ್ತಿದ್ದುದು ಆ ಸೀಟಿನ ಮೇಲೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. 1931ರ ಫೆಬ್ರುವರಿಯಲ್ಲಿ ಪ್ಲಿಮತ್ ಬಳಿ ಸೇನೆಯ ಸಮುದ್ರ ವಿಮಾನವೊಂದು ನೀರಿಗೆ ಬಿತ್ತು. ಲಾರೆನ್ಸ್ ಅದನ್ನು ಕಣ್ಣಾರೆ ಕಂಡು ರಕ್ಷಣೆಗೆ ಓಡಿದವರಲ್ಲಿ ಒಬ್ಬ. ಆಗಿನ ರಕ್ಷಣಾ ದೋಣಿಗಳು ಬಹಳ ನಿಧಾನದವು. ಇದು ಹೀಗೇ ಇರಬಾರದೆಂದು ಆತ ಹಟ ಹಿಡಿದ. ಮುಂದಿನ ನಾಲ್ಕು ವರ್ಷ ಸೌತಾಂಪ್ಟನ್ ಹತ್ತಿರದ ದೋಣಿ ಕಾರ್ಖಾನೆಯಲ್ಲಿ ಮೈಯೆಲ್ಲ ಎಣ್ಣೆ ಮಾಡಿಕೊಂಡು, ವೇಗದ ದೋಣಿಗಳ ಎಂಜಿನ್‌ಗಳನ್ನು ಪರೀಕ್ಷಿಸುತ್ತ ಕಳೆದ. ಅದೇ ಸಾಲಿನಲ್ಲಿ ಬೆಳೆದ ದೋಣಿಗಳು ಎರಡನೇ ಮಹಾಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ವೈಮಾನಿಕರನ್ನು ಎತ್ತಿ ತಂದವು. ಬೇರೆಯವರ ಜೀವ ಉಳಿಸಲು ನಾಲ್ಕು ವರ್ಷ ದುಡಿದ ಮನುಷ್ಯ ತನ್ನ ತಲೆಯ ಬಗ್ಗೆ ಯೋಚಿಸಿರಲಿಲ್ಲ. ಅದು ಅವನೊಬ್ಬನ ತಪ್ಪೂ ಅಲ್ಲ. ಆಗ ಹೆಲ್ಮೆಟ್ ಇದ್ದದ್ದು ರೇಸಿನವರಿಗೆ. ರಸ್ತೆಯಲ್ಲಿ ಹಾಕಿಕೊಳ್ಳುವ ರೂಢಿ ಇರಲಿಲ್ಲ, ಕಾನೂನಂತೂ ಇರಲೇ ಇಲ್ಲ.

1935ರ ಆರಂಭದಲ್ಲಿ ಸೇವೆ ಮುಗಿಯಿತು. ಡಾರ್ಸೆಟ್‌ನ ಕ್ಲೌಡ್ಸ್ ಹಿಲ್ ಎಂಬ ತನ್ನ ಪುಟ್ಟ ಮನೆಗೆ ಬಂದ. ಮೇ 13ರ ಬೆಳಿಗ್ಗೆ ಹತ್ತಿರದ ಬೋವಿಂಗ್ಟನ್ ಸೇನಾ ಶಿಬಿರದ ಅಂಚೆ ಕಚೇರಿಗೆ ಹೋಗಿ, ಗೆಳೆಯನಿಗೆ ಒಂದು ತಂತಿ ಕಳಿಸಿ ಹೊರಟ. ಒಂದೆರಡು ಮೈಲಿ ದಾರಿ, ದಿನಾ ಓಡಾಡುವ ರಸ್ತೆ. ನಡುವೆ ರಸ್ತೆ ತಗ್ಗಿಗೆ ಇಳಿದು ಏರುವಲ್ಲಿ ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ತಗ್ಗಿನಿಂದಾಗಿ ಕೊನೆಯ ಕ್ಷಣದವರೆಗೆ ಅವರು ಕಾಣಲಿಲ್ಲ. ತಪ್ಪಿಸಲು ಹೋದ ಲಾರೆನ್ಸ್ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆ ಬರಲಿಲ್ಲ. ಮೇ 19ರಂದು ತೀರಿಕೊಂಡ. ವಯಸ್ಸು 46. ಶತ್ರುಗಳ ಗುಂಡು, ಮರುಭೂಮಿಯ ಬಿಸಿಲು, ನೂರು ಮೈಲಿ ವೇಗ ಯಾವುದೂ ಕೊಲ್ಲದವನನ್ನು ಅಂಚೆ ಕಚೇರಿಯಿಂದ ಮನೆಗೆ ಬರುವ ದಾರಿ ಕೊಂದಿತು.

ಬಿದ್ದರೆ ನೋವು ನನ್ನದೇ ಎಂದು ನಾನು ವೇದಿಕೆಯಲ್ಲಿ ಹೇಳಿದ್ದೆನಲ್ಲ? ಆ ತಾಯಿ ಸಾರಾ ಆಗ ದೂರದ ಚೀನಾದಲ್ಲಿದ್ದಳು. ಐವರು ಗಂಡುಮಕ್ಕಳಲ್ಲಿ ಇಬ್ಬರನ್ನು 1915ರಲ್ಲೇ ಯುದ್ಧಕ್ಕೆ ಕೊಟ್ಟಿದ್ದಳು. ಮೂರನೆಯವನನ್ನು ರಸ್ತೆಗೆ ಕೊಟ್ಟಳು, ಅಂತ್ಯಸಂಸ್ಕಾರಕ್ಕೂ ಬರಲಾಗಲಿಲ್ಲ. ಆ ಇಬ್ಬರು ಹುಡುಗರು ತಮ್ಮದಲ್ಲದ ತಪ್ಪಿಗೆ ವಿಚಾರಣೆಯಲ್ಲಿ ನಿಂತು ಸಾಕ್ಷಿ ಹೇಳಬೇಕಾಯಿತು. ನೋವು ಒಬ್ಬನದೇ ಆಗಿ ಉಳಿಯಲಿಲ್ಲ.

ಲಾರೆನ್ಸ್‌ನನ್ನು ನೋಡಲು ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕನಿದ್ದ. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತು, ಇಂಗ್ಲೆಂಡಿನಲ್ಲಿ ನೆಲೆಸಿದ್ದವನು. ಏನೂ ಮಾಡಲಾಗಲಿಲ್ಲ. ಯುದ್ಧ ಶುರುವಾದ ಮೇಲೆ ಸೇನೆಯ ಬೈಕ್ ಸವಾರರು ಸಾಲುಸಾಲಾಗಿ ಇದೇ ತಲೆಪೆಟ್ಟಿನೊಂದಿಗೆ ಬರತೊಡಗಿದರು. ಕೇರ್ನ್ಸ್ ಲೆಕ್ಕ ಹಾಕಿದ. ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಬೈಕ್ ಸವಾರರು 1,884. ಯುದ್ಧದ ಮೊದಲ 21 ತಿಂಗಳಲ್ಲಿ 2,279. ಪೆಟ್ರೋಲಿಗೆ ಪಡಿತರ ಇದ್ದರೂ ಸಾವು ಏರಿತ್ತು. ಹೆಲ್ಮೆಟ್ ಹಾಕಿದ್ದವರು ಅವನಿಗೆ ಸಿಕ್ಕಿದ್ದು ಬರೀ ಏಳು ಮಂದಿ, ಆದರೆ ಏಳೂ ಜನ ಬದುಕಿದ್ದರು. 1941ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಅದೇ ವರ್ಷದ ನವೆಂಬರ್‌ನಲ್ಲಿ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಸಾವು ಇಳಿದದ್ದನ್ನು 1946ರಲ್ಲಿ ಮತ್ತೆ ಲೆಕ್ಕ ಸಮೇತ ತೋರಿಸಿದ. 1952ರಲ್ಲಿ ಆತ ತೀರಿಕೊಂಡ. ಬ್ರಿಟನ್ನಿನ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ, ಅವನ ಮೊದಲ ಲೇಖನ ಬಂದು 32 ವರ್ಷಗಳಾದ ಮೇಲೆ. ಪೇಟ ಧರಿಸುವ ಸಿಖ್ಖರಿಗೆ 1976ರಲ್ಲಿ ವಿನಾಯಿತಿ ಸಿಕ್ಕಿತು.

ಈ 32 ವರ್ಷಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಸರ್ಕಾರ ನಮ್ಮ ಮೈಮೇಲಿನ ವಿಷಯಕ್ಕೆ ಕೈ ಹಾಕುವಾಗ ಯಾಕೆ ಎಂದು ಕೇಳುವುದು ತಪ್ಪಲ್ಲ. ಅಲ್ಲಿನ ಜನ ಕೇಳಿದರು, ಸಂಸತ್ತಿನಲ್ಲಿ ವಾದ ನಡೆಯಿತು. ಕೇಳಬೇಕಾದದ್ದೇ. ಇಲ್ಲದಿದ್ದರೆ ನಾಳೆ ಯಾವ ನಿಯಮವನ್ನಾದರೂ ಸುರಕ್ಷತೆಯ ಹೆಸರಿನಲ್ಲಿ ಹೇರಬಹುದು. ಆದರೆ ಆ ಪ್ರಶ್ನೆಗೆ ಹೆಲ್ಮೆಟ್ ನಿಯಮದ ಬಳಿ ಉತ್ತರ ಇತ್ತು. ಅದು ಅಧಿಕಾರಿಯೊಬ್ಬನ ತಲೆಗೆ ಹೊಳೆದದ್ದಲ್ಲ, ಆಸ್ಪತ್ರೆಯ ಹಾಸಿಗೆಗಳಿಂದ ಎದ್ದು ಬಂದದ್ದು. ಬೈಕ್ ಬಿಡಿ ಎನ್ನಲಿಲ್ಲ, ಊರು ಸುತ್ತಬೇಡಿ ಎನ್ನಲಿಲ್ಲ. ಕೂದಲಿಗೆ ತಾಗುವ ಗಾಳಿಯೊಂದನ್ನು ತೆಗೆದುಕೊಂಡು ಮಿಕ್ಕ ಸ್ವಾತಂತ್ರ್ಯವನ್ನೆಲ್ಲ ಸವಾರನ ಕೈಯಲ್ಲೇ ಉಳಿಸಿತು. ಪ್ರಜ್ಞೆಯಿಲ್ಲದೆ ಕಳೆದ ಆರು ದಿನ ಲಾರೆನ್ಸ್‌ಗೆ ಯಾವ ಸ್ವಾತಂತ್ರ್ಯ ಇತ್ತು?

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಇಲ್ಲೂ ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಕೇರ್ನ್ಸ್ ಎಣಿಸಿದ ಸಾವಿರಗಳ ಮುಂದೆ ಇದನ್ನಿಟ್ಟು ನೋಡಿ. ನಾವು ಮಾತ್ರ ಹೆಲ್ಮೆಟ್ ಅನ್ನು ಪೊಲೀಸರಿಗಾಗಿ ಹಾಕುತ್ತೇವೆ. ಸರ್ಕಲ್ ಬಂದಾಗ ತಲೆಗೆ, ದಾಟಿದ ಮೇಲೆ ಕೈಗೆ. ದಂಡ ತಪ್ಪಿಸಲು ಫುಟ್‌ಪಾತ್ ಮೇಲೆ ಸಿಗುವ ಅಗ್ಗದ ಹಾಫ್ ಹೆಲ್ಮೆಟ್. ಪಕ್ಕದ ಬೀದಿಗಾದರೆ ಅದೂ ಇಲ್ಲ.

ಈಗ ಅದೇ ವಿಷಯದ ಮೇಲೆ ಮತ್ತೆ ಮಾತನಾಡಿ ಎಂದರೆ ಪಕ್ಷ ಬದಲಿಸುತ್ತೇನೆ. ಬಹುಮಾನ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟಾಗ ಹೆಲ್ಮೆಟ್ ಎತ್ತಿಕೊಳ್ಳುವುದನ್ನು ಕಂಡು ಓಣಿಯ ಗೆಳೆಯರು ನಗುತ್ತಾರೆ. ಡೇರಿ ಇರುವುದು ಅರ್ಧ ಕಿಲೋಮೀಟರ್ ಆಚೆ. ಬಾಗಿಲಲ್ಲಿ ನಿಂತ ಅಮ್ಮನಿಗೆ ಇಲ್ಲೇ ಹೋಗಿ ಬರ್ತೀನಿ ಎಂದು ಹೇಳಿ ಪಟ್ಟಿ ಬಿಗಿಯುತ್ತೇನೆ. ಕ್ಲೌಡ್ಸ್ ಹಿಲ್‌ನಿಂದ ಹೊರಟವನೂ ಇಲ್ಲೇ ಹೋಗಿ ಬರಬೇಕಿತ್ತು.