ತಾಯಂದಿರ ಮಾತಿಗೆ ಕಿವಿಗೊಟ್ಟ ವೈದ್ಯೆ

ವೈದ್ಯಶಾಸ್ತ್ರದ ಪಾರಿಭಾಷಿಕ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಆ ಪಂಡಿತ ಪದಗಳ ಸಾಲಿನಲ್ಲಿ ಪಶ್ಚಿಮ ಆಫ್ರಿಕದ ಕರಾವಳಿಯ ಸಾಮಾನ್ಯ ಜನ ಆಡುವ ಗಾ ಭಾಷೆಯ ಮಾತೊಂದು ಸೇರಿಕೊಂಡಿದೆ. ಅದು ‘ಕ್ವಾಷಿಯೋರ್ಕರ್’. ತಾಯಿಗೆ ಮತ್ತೊಂದು ಕೂಸು ಹುಟ್ಟಿದಾಗ ಮೊಲೆಯಿಂದ ದೂರವಾದ ಹಿರಿಯ ಕೂಸಿಗೆ ತಗಲುವ ಬೇನೆ ಎಂದು ಅದರ ತಾತ್ಪರ್ಯ. ಭಾಷೆಯನ್ನೇ ಕಸುಬಾಗಿ ಮಾಡಿಕೊಂಡಿರುವ ನನಗೆ ಈ ಪದ ಒಂದು ಅದ್ಭುತವಾಗಿ ಕಾಣುತ್ತದೆ. ರೋಗ ಬರುವ ಕಾಲ, ಅದರ ಕಾರಣ, ರೋಗಿಯ ವಯಸ್ಸು, ಆ ಮನೆಯ ಬಡತನ ಎಲ್ಲವೂ ಈ ಒಂದೇ ಮಾತಿನಲ್ಲಿ ಅಡಗಿವೆ. ಇದನ್ನು ತಾಯಂದಿರ ಬಾಯಿಂದ ಕೇಳಿ ತಿಳಿದು ಲೋಕಕ್ಕೆ ತಿಳಿಸಿದವರು ಡಾ. ಸಿಸಿಲಿ ವಿಲಿಯಮ್ಸ್. ಹುಟ್ಟಿದ ಶಿಶು ತಾಯಿಯ ಎದೆಯಿಂದ ಮನೆಯವರ ತಟ್ಟೆಗೆ ಸಾಗುವ ದಾರಿಯನ್ನು ಕಾಯುವುದಕ್ಕಾಗಿ ಆಕೆ ತಮ್ಮ ದೀರ್ಘಾಯುಷ್ಯವನ್ನೆಲ್ಲ ಸವೆಸಿದರು.

ಸಿಸಿಲಿ ಹುಟ್ಟಿದ್ದು 1893ರ ಡಿಸೆಂಬರ್ 2ರಂದು, ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ. ತಂದೆ ಅಲ್ಲಿಯ ವಿದ್ಯಾ ಇಲಾಖೆಯ ನಿರ್ದೇಶಕರು. ಹದಿಮೂರನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆಂದು ಆಕೆ ಇಂಗ್ಲೆಂಡಿಗೆ ಹೋದರು. ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ಸ್ಥಳ ದೊರೆತಿದ್ದರೂ ಮನೆಯವರಿಗೆ ನೆರವಾಗಬೇಕೆಂದು ಅದನ್ನು ಬಿಟ್ಟು ಜಮೈಕಾಕ್ಕೆ ಮರಳಿದರು. 1916ರಲ್ಲಿ ತಂದೆ ತೀರಿಕೊಂಡ ಮೇಲೆ ಮತ್ತೆ ಆಕ್ಸ್‌ಫರ್ಡಿಗೆ ಬಂದರು. ಆಗ ಮೊದಲನೆಯ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ಹೋಗಿದ್ದುದರಿಂದ ವೈದ್ಯ ತರಗತಿಗಳು ಖಾಲಿಯಾಗಿದ್ದವು. ಹೆಂಗಸರಿಗೆ ಅದುವರೆಗೆ ಮುಚ್ಚಿದ್ದ ಬಾಗಿಲು ಹೀಗೆ ತೆರೆಯಿತು. 1923ರಲ್ಲಿ ಸಿಸಿಲಿ ವೈದ್ಯೆಯಾದರು. ಆದರೆ ಯುದ್ಧ ಮುಗಿದು ಗಂಡಸರು ಹಿಂದಿರುಗಿದ್ದರು. ಹೆಂಗಸಿಗೆ ಕೆಲಸ ಸಿಗುವುದು ದುರ್ಲಭವಾಯಿತು. ಗ್ರೀಸಿನಲ್ಲಿ ಕೆಲಕಾಲ ನಿರಾಶ್ರಿತರ ಸೇವೆ ಮಾಡಿ, ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ಅಭ್ಯಾಸ ಮುಗಿಸಿ, 1929ರಲ್ಲಿ ಆಕೆ ವಸಾಹತು ವೈದ್ಯ ಸೇವೆಗೆ ಸೇರಿದರು. ಮಹಿಳಾ ವೈದ್ಯಾಧಿಕಾರಿ ಎಂಬ ಪದವಿ. ಗಂಡಸರಿಗಿಂತ ಕಡಿಮೆ ಸಂಬಳ. ಈ ಭೇದವನ್ನು ಆಕೆ ಒಪ್ಪಲಿಲ್ಲ, ಹಾಗೆಂದು ಕೆಲಸವನ್ನು ಬಿಡಲೂ ಇಲ್ಲ.

ನೇಮಕವಾದದ್ದು ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾ ದೇಶಕ್ಕೆ. ರಾಜಧಾನಿ ಅಕ್ರಾದ ಮಕ್ಕಳ ಆಸ್ಪತ್ರೆಯಲ್ಲಿ ಆಕೆ ಒಂದು ವಿಚಿತ್ರವನ್ನು ಕಂಡರು. ಮೊಲೆಯುಣ್ಣುವ ಕೂಸುಗಳು ದುಂಡುದುಂಡಾಗಿ ನಗುತ್ತಿದ್ದವು. ಅವುಗಳ ಅಣ್ಣ ಅಕ್ಕಂದಿರು, ವರ್ಷ ಎರಡು ವರ್ಷ ದಾಟಿದವರು, ಕೈಕಾಲು ಊದಿ, ಹೊಟ್ಟೆ ಉಬ್ಬಿ, ಚರ್ಮ ಸುಲಿದು, ಕಪ್ಪು ಕೂದಲು ಕೆಂಚಾಗಿ, ಆಟ ಮರೆತು ಕುಳಿತಿರುತ್ತಿದ್ದರು. ಬಾವಿನಿಂದಾಗಿ ಮೈ ತುಂಬಿಕೊಂಡಂತೆ ತೋರುತ್ತಿತ್ತು. ಹೀಗಾಗಿ ಇದು ಹಸಿವಿನ ರೋಗವೆಂದು ಯಾರಿಗೂ ಹೊಳೆಯುವಂತಿರಲಿಲ್ಲ. ಇತರ ವೈದ್ಯರು ಇದನ್ನು ಪೆಲಾಗ್ರ ಎಂಬ ಹಳೆಯ ರೋಗದ ಪಟ್ಟಿಗೆ ಸೇರಿಸಿ ಸುಮ್ಮನಿದ್ದರು. ಸಿಸಿಲಿ ಸುಮ್ಮನಿರಲಿಲ್ಲ. ತೀರಿಕೊಂಡ ಮಕ್ಕಳ ಶವಪರೀಕ್ಷೆಯನ್ನು ಸ್ವತಃ ಮಾಡಿದರು. ಬಳಿಕ, ಅದಕ್ಕಿಂತ ಮುಖ್ಯವಾದ ಒಂದು ಕೆಲಸ ಮಾಡಿದರು: ಈ ಬೇನೆಗೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ವಿಚಾರಿಸಿದರು.

ಉತ್ತರದಲ್ಲಿ ರೋಗದ ನಿದಾನವೇ ಇತ್ತು. ಎರಡನೆಯ ಕೂಸು ಬಂದೊಡನೆ ಮೊದಲನೆಯದಕ್ಕೆ ಮೊಲೆ ಬಿಡಿಸುತ್ತಾರೆ; ಆಮೇಲೆ ಅದಕ್ಕೆ ದೊರೆಯುವುದು ಮುಸುಕಿನ ಜೋಳದ ತೆಳ್ಳನೆಯ ಗಂಜಿ. ಹೊಟ್ಟೆ ತುಂಬುತ್ತದೆ, ಬೆಳೆಯುವ ಮೈಗೆ ಬೇಕಾದದ್ದು ಸಿಗುವುದಿಲ್ಲ. 1933ರಲ್ಲಿ ಆಕೆ ಈ ರೋಗವನ್ನು ಜೋಳದ ಆಹಾರದೊಡನೆ ಬರುವ ಪೋಷಣದೋಷವೆಂದು ವರ್ಣಿಸಿ ಲೇಖನ ಬರೆದರು. ಪ್ರೋಟೀನಿನ ಕೊರತೆಯಿರಬಹುದೆಂದು ಸೂಚಿಸಿದರು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ ಮುಂದಿಟ್ಟರು. ಹಿರಿಯ ವೈದ್ಯರು ಕೆಲವರು ಒಪ್ಪಲಿಲ್ಲ. ಆ ರೋಗ ಬರುವ ಬಗೆಯ ಎಲ್ಲ ಎಳೆಗಳೂ ಇಂದಿಗೂ ಬಿಡಿಸಿ ಮುಗಿದಿಲ್ಲ. ಪ್ರೋಟೀನಿನ ಅಭಾವವೊಂದೇ ಕಾರಣವಲ್ಲವೆಂಬ ವಾದ ಬಲವಾಗಿದೆ. ಆದರೆ ಮೊಲೆ ಬಿಡುವ ಕಾಲವೇ ಮಗುವಿನ ಗಂಡಾಂತರದ ಕಾಲವೆಂದು ಗಾ ತಾಯಂದಿರು ಕಂಡಿದ್ದ ಸತ್ಯವನ್ನು ಯಾವ ವಾದವೂ ಅಲುಗಿಸಿಲ್ಲ.

ಮೇಲಧಿಕಾರಿಗಳೊಡನೆ ಮನಸ್ತಾಪ ಬೆಳೆಯಿತು. 1936ರಲ್ಲಿ ಆಕೆಯನ್ನು ಮಲಯಕ್ಕೆ ವರ್ಗ ಮಾಡಿದರು. ಅಲ್ಲಿ ಎದುರಾದ ಕೇಡು ಬೇರೆ ಬಗೆಯದು. ಆಫ್ರಿಕದಲ್ಲಿ ಮೊಲೆ ಬಿಟ್ಟ ಮಗು ಸೊರಗುತ್ತಿತ್ತು; ಇಲ್ಲಿ ವರ್ಷ ತುಂಬದ ಹಸುಗೂಸೇ ಮೊಲೆಯನ್ನು ಕಳೆದುಕೊಳ್ಳುತ್ತಿತ್ತು. ಸಕ್ಕರೆ ಬೆರೆಸಿ ಗಟ್ಟಿಗೊಳಿಸಿದ ಡಬ್ಬಿಯ ಹಾಲನ್ನು ಮಾರುವ ಕಂಪನಿಗಳು ಹೆಂಗಸರಿಗೆ ದಾದಿಯರ ಉಡುಪು ತೊಡಿಸಿ ಬಡವರ ಮನೆಗಳಿಗೆ ಕಳುಹಿಸುತ್ತಿದ್ದವು. ನಿಮ್ಮ ಎದೆಹಾಲಿಗಿಂತ ಇದು ಮೇಲು ಎಂದು ಆ ಬಿಳಿಯುಡುಪು ಹೇಳಿದಾಗ ನಂಬದೆ ಇರುವುದು ಹೇಗೆ? ಆ ಹಾಲಿನ ತೂಕದಲ್ಲಿ ಅರ್ಧದಷ್ಟು ಸಕ್ಕರೆಯೇ. ಕೆನೆ ತೆಗೆದ ಹಾಲಾದರೆ ಎ ಮತ್ತು ಡಿ ಜೀವಸತ್ವಗಳು ಇಲ್ಲವೆಂದೇ ಹೇಳಬೇಕು. ಬೆಲೆ ತೆರಲಾರದ ತಾಯಿ ಒಂದು ಡಬ್ಬಿಯನ್ನು ಬಹಳ ದಿನ ಬರಿಸಲು ನೀರು ಹೆಚ್ಚಿಸುವಳು. ಆ ನೀರು ಶುದ್ಧವಾಗಿರುತ್ತಿರಲಿಲ್ಲ. ಇತ್ತ ಕೂಸು ಚೀಪದ ಎದೆ ಕೆಲವೇ ದಿನಗಳಲ್ಲಿ ಬತ್ತುವುದು. ಆಮೇಲೆ ಮನಸ್ಸು ಬದಲಾದರೂ ಹಾಲು ಮರಳಿ ಬರುವುದು ಕಷ್ಟ.

1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬು ಸಿಸಿಲಿಯವರನ್ನು ಭಾಷಣಕ್ಕೆ ಕರೆಯಿತು. ಸಭಾಧ್ಯಕ್ಷರೇ ಹಾಲಿನ ಕಂಪನಿಯೊಂದರ ಮುಖ್ಯಸ್ಥರಾಗಿದ್ದರೆಂದು ಹೇಳುತ್ತಾರೆ. ಆಕೆ ಇಟ್ಟ ಶೀರ್ಷಿಕೆ ‘ಹಾಲು ಮತ್ತು ಕೊಲೆ’. ಶಿಶುಗಳ ಆಹಾರದ ವಿಷಯದಲ್ಲಿ ತಪ್ಪು ಪ್ರಚಾರ ಮಾಡುವುದು ರಾಜದ್ರೋಹದಂತೆ ದಂಡನೆಗೆ ಯೋಗ್ಯವೆಂದೂ, ಅದರಿಂದ ಸಂಭವಿಸುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕೆಂದೂ ಆಕೆ ಆ ಗಣ್ಯರ ಮುಂದೆ ವಾದಿಸಿದರು. ಆ ಕೋಪದ ಗುರಿ ಲಾಭಕ್ಕಾಗಿ ತಾಯಿಯ ಕಿವಿಯಲ್ಲಿ ಸುಳ್ಳು ಊದಿದವರು, ಮೋಸಹೋದ ತಾಯಿಯಲ್ಲ. ಒಂದು ಕಡೆ ತಾಯಂದಿರ ಮಾತನ್ನು ಕೇಳದ ವೈದ್ಯರು, ಇನ್ನೊಂದು ಕಡೆ ತಾಯಂದಿರಿಗೆ ಬೇಡದ ಮಾತನ್ನು ಹೇಳುವ ವ್ಯಾಪಾರಿಗಳು: ಈ ಇಬ್ಬರ ನಡುವೆ ಕೂಸು ಸಾಯುತ್ತದೆಂಬುದೇ ಆಕೆಯ ಬಾಳಿನ ಅನುಭವಸಾರವೆಂದು ನಾನು ತಿಳಿಯುತ್ತೇನೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಯುದ್ಧ ಮಲಯಕ್ಕೆ ಬಂತು. ಜಪಾನೀಯರ ದಂಡು ಇಳಿದಾಗ ಆಕೆ ತ್ರೆಂಗಾನು ಪ್ರಾಂತದಿಂದ ಕಷ್ಟಪಟ್ಟು ಸಿಂಗಪುರಕ್ಕೆ ಬಂದರು. 1942ರಲ್ಲಿ ಆ ನಗರವೂ ಬಿದ್ದು, ಚಾಂಗಿ ಸೆರೆಮನೆಯ ಪಾಲಾದರು. ಸೆರೆಯ ಹೆಂಗಸರಿಗೆ ಆಕೆ ಮುಂದಾಳು. ಮಿಲಿಟರಿ ಪೋಲೀಸರು ಎಳೆದೊಯ್ದು ತಿಂಗಳುಗಟ್ಟಲೆ ಚಿತ್ರಹಿಂಸೆಗೆ ಗುರಿಪಡಿಸಿದರು. ಬೆರಿಬೆರಿ ರೋಗದಿಂದ ಕಾಲುಗಳು ಮರಗಟ್ಟಿದವು. ಆ ನರಕದಲ್ಲಿಯೂ ಆಕೆ ಒಂದು ಲೆಕ್ಕವನ್ನು ಇಟ್ಟಿದ್ದರು. ಸೆರೆಯಲ್ಲಿ ಹುಟ್ಟಿದ ಕೂಸುಗಳು 20, ಮೊಲೆಯುಂಡವು 20, ಬದುಕಿ ಉಳಿದವು 20. ತಾಯಂದಿರೇ ಅರೆಹೊಟ್ಟೆಯಲ್ಲಿದ್ದ ಕಾಲದ ಲೆಕ್ಕವಿದು. ಸಿಂಗಪುರದ ಸಭೆಯಲ್ಲಿ ಆಡಿದ ಮಾತಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ.

ಬಿಡುಗಡೆಯಾದಾಗ ಆಕೆಗೆ ಐವತ್ತು ದಾಟಿತ್ತು, ಆರೋಗ್ಯ ಕುಸಿದಿತ್ತು. ಆದರೂ 1948ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮೊದಲ ಮುಖ್ಯಸ್ಥೆಯಾದರು. ಒಮ್ಮೆ ಅಲ್ಲಗಳೆದಿದ್ದ ರೋಗವನ್ನು ಹುಡುಕಿಕೊಂಡು 1950ರಲ್ಲಿ ತಜ್ಞರು ಆಫ್ರಿಕದ ಹತ್ತು ದೇಶಗಳನ್ನು ಸುತ್ತಿದರು, ಎಲ್ಲೆಲ್ಲಿಯೂ ಕಂಡರು. ಮುಂದೆ ಲಂಡನ್ನಿನಲ್ಲಿ, ಬೈರೂತಿನಲ್ಲಿ ಪಾಠ ಹೇಳಿದರು. ರೋಗ ವಾಸಿ ಮಾಡುವ ಆಸ್ಪತ್ರೆ ಬೇರೆ, ಮಗುವನ್ನು ಆರೋಗ್ಯವಾಗಿಡುವ ಕೇಂದ್ರ ಬೇರೆ ಎಂಬ ವಿಭಜನೆಯನ್ನು ಆಕೆ ಒಪ್ಪಲಿಲ್ಲ. ಮಗುವಿನ ಮನೆಯನ್ನು ನೋಡದ ವೈದ್ಯ ಮಗುವನ್ನು ನೋಡಿದಂತಾಗಲಿಲ್ಲವೆಂಬುದು ಆಕೆಯ ಬೋಧೆಯ ತಿರುಳು. 1992ರ ಜುಲೈ 13ರಂದು, 98ನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ತಾಯಿಹಾಲಿನ ಬದಲಿಗಳ ಮಾರಾಟಕ್ಕೆ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ 1981ರ ನಿಯಮಾವಳಿಯನ್ನು ಆಕೆ ಕಣ್ಣಾರೆ ಕಂಡಿದ್ದರು. ಶಿಶುಗಳ ಹಾಲಿನ ಪುಡಿಗೂ ಹಾಲೂಡಿಸುವ ಬಾಟಲಿಗೂ ಜಾಹೀರಾತು ಕೂಡದೆಂಬ ನಮ್ಮ ದೇಶದ ಕಾನೂನು ಸಿದ್ಧವಾದದ್ದು ಅದೇ 1992ರ ಕೊನೆಯಲ್ಲಿ.

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ, ಆಮೇಲೆ ಹಾಲಿನೊಡನೆ ಮೆತ್ತನೆಯ ಊಟ, ಎರಡು ವರ್ಷ ಮತ್ತು ಅದರಾಚೆಗೂ ಮೊಲೆ ಎಂದು ಇಂದು ಎಲ್ಲ ವೈದ್ಯರೂ ಹೇಳುತ್ತಾರೆ. ನಮ್ಮ ಮನೆಗಳ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಶೋಧಿಸಿ ಕೂಸಿಗೆ ಸರಿ ಕಾಯಿಸುತ್ತಿದ್ದರು. ಮೊಳಕೆಯ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಿ ಮಗುವಿಗೆ ಹೆಚ್ಚು ಸತ್ವ ದೊರೆಯುತ್ತದೆಂದು ವಿಜ್ಞಾನ ಈಗ ಹೇಳುತ್ತಿದೆ. ಆದರೆ ಎಷ್ಟೋ ಮನೆಗಳಲ್ಲಿ ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದುದೂ ಉಂಟು. ರೋಗಗಳಿಂದ ಕೂಸನ್ನು ಕಾಯುವ ಸತ್ವ ಅದರಲ್ಲಿಯೇ ಹೆಚ್ಚು. ಕೇಳುವುದೆಂದರೆ ಎಲ್ಲವನ್ನೂ ಒಪ್ಪುವುದಲ್ಲ. ಸಿಸಿಲಿಯವರು ಜೋಳದ ಗಂಜಿಯನ್ನು ಒಪ್ಪಲಿಲ್ಲ. ಆ ಗಂಜಿಯ ಫಲವನ್ನು ಹೇಳಿದ ಪದವನ್ನು ಒಪ್ಪಿದರು. ಆಡುಮಾತಿನ ಒಂದು ಪದದಲ್ಲಿ ಸಾವಿರಾರು ಮಕ್ಕಳ ಪ್ರಾಣದ ಸುಳಿವು ಇರಬಹುದೆಂಬುದನ್ನು ನಮ್ಮ ವಿದ್ಯಾರ್ಥಿಗಳು, ಸಾಹಿತ್ಯದವರಾಗಲಿ ವೈದ್ಯದವರಾಗಲಿ, ಈಕೆಯ ಚರಿತ್ರೆಯಿಂದ ಕಲಿಯಬಹುದು.